ಮಗಳಿಗೊಂದು ಪತ್ರ: ಕತ್ತಲಲ್ಲಿ ನೀನು ಮಾತಾಡುತ್ತಿರಲಿಲ್ಲ

ಪ್ರೀತಿಯ ಪುಟ್ಟಿ,

ನೀನು ಬಾಣಂತನ ಮುಗಿಸಿ ಬೆಂಗಳೂರಿಗೆ ಹೋಗಿ ಇವತ್ತಿಗೆ ಹನ್ನೆರಡು ದಿನ. ತೊಟ್ಟಿಲು ಇನ್ನೂ ನಡುಮನೆಯಲ್ಲೇ ಇದೆ. ಎತ್ತಿಡಲು ಮನಸ್ಸಾಗಿಲ್ಲ. ನಿನ್ನೆ ಫೋನಿನಲ್ಲಿ ಮಗುವಿನ ಕಿವಿ ಟೆಸ್ಟ್ ಏನಾಯಿತು ಅಂತ ಕೇಳಿದೆ. "ಮನೇಲಿ ಎಲ್ರೂ ಅಷ್ಟೊಂದು ಅರ್ಜೆಂಟ್ ಏನು ಅಂತಿದ್ದಾರೆ ಅಮ್ಮ, ಐದಾರು ತಿಂಗಳಾಗಲಿ, ನೋಡೋಣ" ಎಂದೆ ನೀನು. ನನಗೆ ಆಗ ಏನು ಹೇಳಬೇಕೋ ತೋಚಲಿಲ್ಲ. ರಾತ್ರಿಯಿಡೀ ನಿದ್ದೆ ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಮಗು ಮಲಗಿದಾಗ ನಿಧಾನವಾಗಿ ಓದು.

ನಿನ್ನ ವಿಷಯದಲ್ಲಿ ಎರಡು ಸಲ ನಾನು ತುಂಬಾ ಹೆದರಿದ್ದೆ. ಎರಡೂ ನಿನಗೆ ಅರ್ಧಂಬರ್ಧ ಗೊತ್ತು. ಪೂರ್ತಿ ಯಾವತ್ತೂ ಹೇಳಿಲ್ಲ.

ಮೊದಲನೆಯದು 1995ರ ಆಗಸ್ಟ್. ಹುಣಸೂರಿನ ವಠಾರದ ಮನೆ, ಹೊರಗೆ ಜಿಟಿಜಿಟಿ ಮಳೆ. ನಿನಗೆ ಒಂದು ವರ್ಷ ಮೂರು ತಿಂಗಳು. ಮಧ್ಯಾಹ್ನದಿಂದಲೇ ಮೈ ಕಾದಿತ್ತು. ಚಳಿ ಆಗಬಾರದು ಅಂತ ನಾನು ಎರಡು ಶಾಲು ಸುತ್ತಿ, ಕುಲಾವಿ ಕಟ್ಟಿ, ಕಿಟಕಿ ಎಲ್ಲ ಮುಚ್ಚಿ ಮಲಗಿಸಿದ್ದೆ. ಏಳೂವರೆ ಹೊತ್ತಿಗೆ ನಿನ್ನ ಕಣ್ಣು ಮೇಲಕ್ಕೆ ಹೋಯಿತು. ಕೈಕಾಲು ಸೆಟೆದುಕೊಂಡು ಅದುರಲು ಶುರುವಾಯಿತು. ತುಟಿ ನೇರಳೆ ಹಣ್ಣು ತಿಂದ ಹಾಗೆ ಆಗಿಬಿಟ್ಟಿತು.

ನಾನು ಕಿರುಚಿಕೊಂಡೆ. ವಠಾರದವರೆಲ್ಲ ಓಡಿ ಬಂದರು. ಒಬ್ಬರು ನಿನ್ನ ಕೈಗೆ ಬೀಗದ ಕೈ ಹಿಡಿಸಿದರು, ಒಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು, ಇನ್ನೊಬ್ಬರು ಸ್ಟೀಲ್ ಚಮಚ ತಂದು ಹಲ್ಲಿನ ನಡುವೆ ತುರುಕಿದರು. ಆಗಷ್ಟೇ ಮೂಡಿದ್ದ ಪುಟ್ಟ ಹಲ್ಲುಗಳು. ವಸಡು ಕಿತ್ತು ರಕ್ತ ಬಂತು. ಎಲ್ಲರೂ ನಿನ್ನ ಮೇಲಿನ ಪ್ರೀತಿಯಿಂದಲೇ ಮಾಡಿದ್ದು, ಯಾರ ಮೇಲೂ ನನಗೆ ಸಿಟ್ಟಿಲ್ಲ. ನಾನೇ ನಿನ್ನ ಬಾಯಿಗೆ ನೀರು ಬಿಟ್ಟೆ, ಪುಟ್ಟಿ. ಎಚ್ಚರ ಇಲ್ಲದ ಮಗುವಿನ ಬಾಯಿಗೆ ಬಿಟ್ಟ ನೀರು ಶ್ವಾಸಕೋಶಕ್ಕೆ ಹೋಗಬಹುದು ಅಂತ ನನಗೆ ಗೊತ್ತಿರಲಿಲ್ಲ. ಈಗಲೂ ಅದು ನೆನಪಾದರೆ ಕೈ ತಣ್ಣಗಾಗುತ್ತದೆ.

ಯಾರದ್ದೋ ಜೀಪಿನಲ್ಲಿ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ನೀನು ಸುಸ್ತಾಗಿ ನಿದ್ದೆ ಹೋಗಿದ್ದೆ. ಡಾಕ್ಟರು ನಿನ್ನನ್ನು ಪರೀಕ್ಷೆ ಮಾಡಿ ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊತ್ತು ಇತ್ತು?" ನಾನು ಅರ್ಧ ಗಂಟೆ ಎಂದೆ. ನಿನ್ನ ಅಪ್ಪ ಹತ್ತು ನಿಮಿಷ ಎಂದರು. ಕೆಲಸದಿಂದ ಬಂದು ಆಗಷ್ಟೇ ರೇಡಿಯೋ ಹಾಕಿದ್ದ ಪಕ್ಕದ ಮನೆಯವರು, ವಾರ್ತೆ ಶುರುವಾಗುವ ಮುಂಚೆ ಬಂತು, ಎರಡು ಸುದ್ದಿ ಓದುವಷ್ಟರಲ್ಲಿ ನಿಂತಿತ್ತು ಎಂದರು. ಅಂದರೆ ಎರಡು ಮೂರು ನಿಮಿಷ ಅಷ್ಟೇ.

ಅವತ್ತು ಆ ಡಾಕ್ಟರು ಹೇಳಿದ್ದನ್ನು ನಿನಗೂ ಹೇಳುತ್ತೇನೆ, ಯಾಕೆಂದರೆ ತಾಯಿಗೆ ಬಂದಿದ್ದರೆ ಮಗುವಿಗೂ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ. ಆರು ತಿಂಗಳಿಂದ ಐದು ವರ್ಷದ ಒಳಗಿನ ಕೆಲವು ಮಕ್ಕಳಿಗೆ ಜ್ವರದಲ್ಲಿ ಫಿಟ್ಸ್ ಬರುತ್ತದೆ. ನೂರರಲ್ಲಿ ಎರಡರಿಂದ ಐದು ಮಕ್ಕಳಿಗೆ. ನೋಡಲು ಭಯಂಕರ, ಆದರೆ ಸಾಮಾನ್ಯವಾಗಿ ಐದು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ, ಮೆದುಳಿಗೆ ಏನೂ ಆಗುವುದಿಲ್ಲ. ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸು. ಜೊಲ್ಲು, ವಾಂತಿ ಹೊರಗೆ ಹರಿದು ಹೋಗಲಿ. ಕತ್ತಿನ ಹತ್ತಿರ ಬಟ್ಟೆ ಸಡಿಲ ಮಾಡು. ಬಾಯಿಗೆ ಏನೂ ಹಾಕಬೇಡ. ಚಮಚ ಬೇಡ, ಬೆರಳು ಬೇಡ, ನೀರು ಬೇಡ, ಔಷಧಿಯೂ ಬೇಡ. ಕೈಕಾಲು ಅದುಮಿ ಹಿಡಿಯಬೇಡ. ಗಡಿಯಾರ ನೋಡು. ಐದು ನಿಮಿಷ ದಾಟಿದರೆ, ನಿಂತು ಮತ್ತೆ ಬಂದರೆ, ಉಸಿರಾಟ ಸರಿ ಕಾಣದಿದ್ದರೆ, ನಿಂತ ಮೇಲೂ ಎಚ್ಚರವಾಗದಿದ್ದರೆ ಈಗ ಇರುವ 108 ಆಂಬುಲೆನ್ಸ್‌ಗೆ ಫೋನ್ ಮಾಡು. ಮೊದಲ ಸಲ ಬಂದಾಗ ಬೇಗ ನಿಂತರೂ ಅವತ್ತೇ ಡಾಕ್ಟರಿಗೆ ತೋರಿಸಲೇಬೇಕು. ಜ್ವರಕ್ಕೆ ಬೇರೆ ಕಾರಣ ಇರಬಹುದು, ಅದನ್ನು ಅವರೇ ನೋಡಬೇಕು.

ಎಂಟು ತಿಂಗಳ ಮೇಲೆ ನಿನಗೆ ಮತ್ತೆ ಬಂತು. ಒಂದು ಸಲ ಬಂದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಮತ್ತೆ ಬರುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಈ ಸಲ ನಾನು ಕಿರುಚಲಿಲ್ಲ. ಚಾಪೆ ಮೇಲೆ ಮಗ್ಗುಲಾಗಿ ಮಲಗಿಸಿ, ನಿನ್ನ ಅಪ್ಪನ ಎಚ್‌ಎಂಟಿ ವಾಚ್ ಕೈಯಲ್ಲಿ ಹಿಡಿದು ಕೂತೆ. ಸೆಕೆಂಡಿನ ಮುಳ್ಳು ಅಷ್ಟು ನಿಧಾನವಾಗಿ ಹೋಗುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. ಒಂದು ನಿಮಿಷ ನಲವತ್ತು ಸೆಕೆಂಡ್. ಮುಗಿದ ಮೇಲೆ ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ಅತ್ತೆ. ಅಳು ಬರುತ್ತದೆ, ಬರಲಿ. ಮಗುವಿನ ಕೆಲಸ ಆದ ಮೇಲೆ ಬರಲಿ.

ಜ್ವರದ ವಿಷಯ ಬಂದದ್ದಕ್ಕೆ ಒಂದು ಮಾತು. ನಿನ್ನ ಮಗುವಿಗೆ ಇನ್ನೂ ಮೂರು ತಿಂಗಳು ತುಂಬಿಲ್ಲ. ಈ ವಯಸ್ಸಿನಲ್ಲಿ ಥರ್ಮಾಮೀಟರ್ 100.4 ತೋರಿಸಿದರೆ ಮನೆಮದ್ದು, ನಾಳೆ ನೋಡೋಣ ಯಾವುದೂ ಇಲ್ಲ. ನಡುರಾತ್ರಿ ಆದರೂ ಆಸ್ಪತ್ರೆಗೆ ಹೋಗು. ಆಮೇಲೆ ದೊಡ್ಡವಳಾದಾಗ ಪ್ಯಾರಾಸಿಟಮಾಲ್ ಕೊಡುವುದಾದರೆ ಬಾಟಲಿ ಓದಿ ಕೊಡು. ಡ್ರಾಪ್ಸ್ ಅಂದರೆ ಸಾಮಾನ್ಯವಾಗಿ 1 ಎಂಎಲ್‌ನಲ್ಲೇ 100 ಮಿಲಿಗ್ರಾಂ ಇರುತ್ತದೆ, ಎಷ್ಟೋ ಸಿರಪ್‌ಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಔಷಧಿ 5 ಎಂಎಲ್‌ನಲ್ಲಿ ಹರಡಿಕೊಂಡಿರುತ್ತದೆ. ಸಿರಪ್ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ಗತಿ ಏನು ಹೇಳು. ತೂಕ ನೋಡಿ ಡಾಕ್ಟರು ಬರೆದುಕೊಟ್ಟ ಅಳತೆಯನ್ನು ಬಾಟಲಿಯ ಮೇಲೇ ಅಂಟಿಸಿಡು. ಔಷಧಿ ಕೊಟ್ಟರೆ ಮಗುವಿಗೆ ಹಾಯೆನಿಸುತ್ತದೆ, ಆದರೆ ಅದು ಫಿಟ್ಸ್ ತಡೆಯುವುದಿಲ್ಲ. ಔಷಧಿ ಕೊಟ್ಟೂ ಬಂದರೆ ನಿನ್ನನ್ನು ನೀನು ಬೈದುಕೊಳ್ಳಬೇಡ.

ಗಂಟಲಿಗೆ ಏನಾದರೂ ಸಿಕ್ಕಿದಾಗ ಮಾತ್ರ ಕೈಕಟ್ಟಿ ಕೂರುವ ಹಾಗಿಲ್ಲ. ಮಗು ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಕೆಮ್ಮಲು ಬಿಡು, ಗಾಳಿ ಆಡುತ್ತಿದೆ ಅಂತ ಅರ್ಥ. ಸದ್ದೇ ಇಲ್ಲದೆ ಬಾಯಿ ಬಿಡುತ್ತಿದ್ದರೆ ಒಂದು ವರ್ಷದೊಳಗಿನ ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿಕೊಂಡು, ತಲೆ ಕೆಳಗಿರುವ ಹಾಗೆ ದವಡೆ ಹಿಡಿದು, ಅಂಗೈಯ ಬುಡದಿಂದ ಬೆನ್ನಿನ ಮೇಲ್ಭಾಗಕ್ಕೆ ಐದು ಪೆಟ್ಟು. ಬರಲಿಲ್ಲವೋ, ಅಂಗಾತ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತು. ಮತ್ತೆ ಬೆನ್ನಿಗೆ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಿ ತಡಕಬಾರದು, ಇನ್ನೂ ಒಳಗೆ ಹೋಗುತ್ತದೆ. ನೀನು ಮತ್ತು ಅಳಿಯಂದಿರು ಇಬ್ಬರೂ ಡಾಕ್ಟರ ಹತ್ತಿರ ಒಂದು ಸಲ ಗೊಂಬೆ ಮೇಲೆ ಮಾಡಿ ಕಲಿತುಕೊಳ್ಳಿ. ಓದಿ ಬರುವ ವಿದ್ಯೆ ಅಲ್ಲ ಅದು. ಕಡಲೆಬೀಜ, ಹುರಿಗಡಲೆ, ಇಡೀ ದ್ರಾಕ್ಷಿ ನಾಲ್ಕೈದು ವರ್ಷದವರೆಗೂ ಕೈಗೆ ಸಿಗದಿರಲಿ. ಟಿವಿ ರಿಮೋಟ್, ಆಟಿಕೆಯ ಒಳಗಿನ ಬಟನ್ ಸೆಲ್ ನುಂಗಿದ ಅನುಮಾನ ಬಂದರೂ ಸಾಕು, ಹೊರಗೆ ಬರುತ್ತಾ ಅಂತ ಕಾಯಬೇಡ. ಎರಡೇ ಗಂಟೆಯಲ್ಲಿ ಅದು ಅನ್ನನಾಳವನ್ನು ಸುಡಬಲ್ಲದು.

ಈಗ ನಾನು ಹೇಳಬೇಕೆಂದಿದ್ದ ಎರಡನೆಯ ವಿಷಯಕ್ಕೆ ಬರುತ್ತೇನೆ.

ಎರಡು ವರ್ಷವಾದರೂ ನೀನು "ಅವ್ವ", "ತಾ" ಎರಡೇ ಮಾತು ಆಡುತ್ತಿದ್ದದ್ದು. ನಾನು ಕೇಳದವರಿಲ್ಲ. "ಇವಳಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು" ಎಂದರು ನಿನ್ನ ಅಜ್ಜಿ. "ಹೆಣ್ಣು ಮಗು, ಆಮೇಲೆ ಬಾಯಿ ಮುಚ್ಚಿಸೋದೇ ಕಷ್ಟ ಆಗುತ್ತೆ" ಎಂದರು ಇನ್ನೊಬ್ಬರು. ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ದಾಯಿತು. ದೇವರಿಗೆ ಹರಕೆ ಹೊತ್ತಿದ್ದಾಯಿತು. ಕಿವಿ ಕೇಳಿಸುತ್ತಾ ಅಂತ ನನಗೇ ಅನುಮಾನ ಬಂದು ಹೇಳಿದರೆ, "ಕುಕ್ಕರ್ ಕೂಗಿದರೆ ಬೆಚ್ಚಿ ಬೀಳ್ತಾಳೆ, ಕೇಳಿಸದೆ ಇರುತ್ತಾ?" ಅಂದರು. ನಾನೂ ಹೌದಲ್ವಾ ಅಂತ ಸುಮ್ಮನಾದೆ.

ಆ ದಿನಗಳಲ್ಲಿ ಕರೆಂಟ್ ಸಂಜೆ ಹೋದರೆ ರಾತ್ರಿ ಬರುತ್ತಿತ್ತು. ಬೆಳಕಿದ್ದಾಗ ನಾನು "ಚೆಂಡು ಕೊಡು" ಎಂದರೆ ನೀನು ತಂದು ಕೊಡುತ್ತಿದ್ದೆ. ಕರೆಂಟ್ ಹೋದಾಗ ಕರೆದರೆ ತಿರುಗುತ್ತಿರಲಿಲ್ಲ. ಒಂದು ಸಂಜೆ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕತ್ತಲಲ್ಲೇ ಏನೋ ಹೇಳುತ್ತಿದ್ದೆ. ನೀನು ಕೈ ಎತ್ತಿ ತಡಕಿ ತಡಕಿ ನನ್ನ ತುಟಿಯ ಮೇಲೆ ಬೆರಳಿಟ್ಟೆ. ಮಾತು ಮುಗಿಯುವವರೆಗೂ ತೆಗೆಯಲಿಲ್ಲ. ನನ್ನ ಮಗಳು ಇಷ್ಟು ದಿನ ನನ್ನ ಮಾತನ್ನು ಕಣ್ಣಿನಿಂದ ಕೇಳುತ್ತಿದ್ದಳು ಅಂತ ಆಗ ಹೊಳೆಯಿತು. ಆಮೇಲೆ ನಾನು ಯಾರನ್ನೂ ಕೇಳಲಿಲ್ಲ. ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಮೈಸೂರು.

ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯಲ್ಲಿ ಇಡೀ ದಿನ ಕೂತೆವು. ಸದ್ದು ಹೊರಗೆ ಹೋಗದ ಕೋಣೆಯಲ್ಲಿ ನಿನ್ನನ್ನು ಕೂರಿಸಿ ಹಿಂದಿನಿಂದ ಶಬ್ದ ಮಾಡಿ ನೋಡಿದರು. ಕಿವಿಗೆ ರಬ್ಬರಿನ ತುದಿ ಇಟ್ಟು ಗ್ರಾಫ್ ತೆಗೆದರು. ಅದರಲ್ಲಿ ಒಂದು ಗುಡ್ಡ ಬರಬೇಕಿತ್ತಂತೆ. ನಿನ್ನ ಎರಡೂ ಕಿವಿಗೆ ಚಪ್ಪಟೆ ಗೆರೆ ಬಂತು. ಪದೇ ಪದೇ ನೆಗಡಿಯಾಗಿ ಕಿವಿಯ ತಮಟೆಯ ಹಿಂದೆ ನೀರು ನಿಂತು ಅಂಟಾಗಿತ್ತು. ತಲೆ ನೀರಲ್ಲಿ ಮುಳುಗಿಸಿಕೊಂಡು ಮಾತು ಕೇಳಿದ ಹಾಗೆ ಅವಳಿಗೆ ಕೇಳಿಸುತ್ತದೆ, ಕುಕ್ಕರ್ ಕೇಳುತ್ತದೆ, ಮಾತು ಬಿಡಿಸಿ ಕೇಳುವುದಿಲ್ಲ ಎಂದರು. ನಾನು ಆರು ತಿಂಗಳು ಬಿಸಿ ಎಣ್ಣೆ ಬಿಟ್ಟಿದ್ದೆ ಆ ಕಿವಿಗೆ. ತಮಟೆಯ ಹಿಂದಿನ ನೀರಿಗೆ ಎಣ್ಣೆ ಏನು ಮಾಡೀತು? ಯಾರು ಹೇಳಿದರೂ ನೀನು ಮಗುವಿನ ಕಿವಿಗೆ ಎಣ್ಣೆ ಬಿಡಬೇಡ.

ಎಷ್ಟೋ ಮಕ್ಕಳಿಗೆ ಈ ನೀರು ಮೂರು ತಿಂಗಳೊಳಗೆ ತಾನೇ ಇಂಗುತ್ತದೆ. ನಿನಗೆ ಇಂಗಲಿಲ್ಲ. ಚಿಕ್ಕ ಆಪರೇಷನ್ ಮಾಡಿ ತಮಟೆಗೆ ಸಾಸಿವೆಯಷ್ಟು ಕೊಳವೆ ಇಟ್ಟರು. ಮನೆಗೆ ಬಂದ ಮರುದಿನ ಬಚ್ಚಲ ನಲ್ಲಿಯಿಂದ ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿತ್ತು. ನೀನು ಹೋಗಿ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಒಂದೊಂದು ಹನಿ ಬಿದ್ದಾಗಲೂ ನನ್ನ ಮುಖ ನೋಡುತ್ತಿದ್ದೆ. ಆಮೇಲೆ ತಿಂಗಳುಗಟ್ಟಲೆ ಥೆರಪಿ. ಅಕ್ಕಿ ತೊಳೆಯುವಾಗ ಅಕ್ಕಿ, ತಲೆ ಬಾಚುವಾಗ ಬಾಚಣಿಗೆ, ಮಾಡುವ ಕೆಲಸವನ್ನೆಲ್ಲ ನಾನು ಬಾಯಲ್ಲಿ ಹೇಳಬೇಕಿತ್ತು. ಮೂರು ವರ್ಷ ತುಂಬುವ ಮುಂಚೆ ನೀನು ಮೊದಲ ಸಲ ಎರಡು ಮಾತು ಸೇರಿಸಿ ಹೇಳಿದ್ದು "ನೀರು ಬಿತ್ತು."

ಫಿಟ್ಸ್ ಬಂದಾಗ ಎಲ್ಲರೂ ಏನಾದರೂ ಮಾಡು, ಬೇಗ ಮಾಡು ಅಂದರು. ಅಲ್ಲಿ ಮಾಡಬೇಕಾದದ್ದು ಬಹಳ ಕಡಿಮೆ ಇತ್ತು. ಮಾತು ಬರದಿದ್ದಾಗ ಅದೇ ಜನ ಸುಮ್ನಿರು ಅಂದರು. ಓಡಬೇಕಾಗಿದ್ದದ್ದು ಅಲ್ಲಿ.

ಅದಕ್ಕೇ ನಿನ್ನ ಮಗುವಿನ ವಿಷಯದಲ್ಲಿ ನನಗೆ ತಡೆಯಲು ಆಗುತ್ತಿಲ್ಲ. ಹುಟ್ಟಿದ ಎರಡನೇ ದಿನ ಕಿವಿ ಟೆಸ್ಟ್ ಮಾಡಿದಾಗ ಎಡ ಕಿವಿ ಪಾಸ್, ಬಲ ಕಿವಿ ರೆಫರ್, ಅಂದರೆ ಮತ್ತೆ ನೋಡಬೇಕು ಅಂತ ಬಂತು. ಒಂದೂವರೆ ತಿಂಗಳ ಲಸಿಕೆಗೆ ಹೋದಾಗಲೂ ಅದೇ. ಮಗು ಮಲಗಿದ್ದಾಗ ಕಿವಿ ಕೇಳುತ್ತಾ ಅಂತ ನೋಡುವ ಬೇರಾ (BERA) ಟೆಸ್ಟ್ ಮಾಡಿಸಿ ಎಂದರು. ನೆಗಡಿ, ನಾಮಕರಣ, ನಿನ್ನ ಪ್ರಯಾಣ ಅಂತ ಮುಂದೆ ಹಾಕಿದೆವು. ಅದರಲ್ಲಿ ನನ್ನ ತಪ್ಪೂ ಇದೆ. ರೆಫರ್ ಅಂದರೆ ಕಿವುಡು ಅಂತಲ್ಲ ಕಂದ. ಕಿವಿಯಲ್ಲಿ ನೀರು ಇದ್ದರೂ ಹಾಗೆ ಬರುತ್ತದೆ, ಮತ್ತೆ ನೋಡಿದಾಗ ಎಷ್ಟೋ ಮಕ್ಕಳದು ಸರಿ ಇರುತ್ತದೆ. ಆದರೆ ಸರಿ ಇದೆಯೋ ಇಲ್ಲವೋ ಅಂತ ಮೂರು ತಿಂಗಳೊಳಗೆ ಗೊತ್ತಾಗಬೇಕು, ಏನಾದರೂ ಇದ್ದರೆ ಆರು ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು. ಡಾಕ್ಟರುಗಳು ಇಟ್ಟುಕೊಂಡಿರುವ ಲೆಕ್ಕ ಅದು. ಬರುವ ಹದಿನೈದಕ್ಕೆ ಅವಳಿಗೆ ಮೂರು ತಿಂಗಳು. ನಿಮ್ಮ ಅತ್ತೆಯವರು ಬಾಗಿಲು ಬಡಿದರೆ ಮಗು ಬೆಚ್ಚುತ್ತದೆ ಎಂದರಂತೆ. ಅವರು ಹೇಳುವುದು ನಿಜವೇ. ಒಂದು ಕಿವಿ ಚೆನ್ನಾಗಿದ್ದರೂ ಬೆಚ್ಚುತ್ತದೆ. ಅವರಿಗೆ ನಾನೇ ಫೋನ್ ಮಾಡಿ ನಿನ್ನ ಕುಕ್ಕರಿನ ಕಥೆ ಹೇಳುತ್ತೇನೆ. ನೀನು ಅದಕ್ಕಾಗಿ ಜಗಳ ಮಾಡಿಕೊಳ್ಳಬೇಡ.

ಉಳಿದದ್ದನ್ನು ತಾಯಿ ಕಾರ್ಡಿನಲ್ಲಿ ನೋಡುತ್ತಾ ಹೋಗು. ಪಕ್ಕದ ಮನೆ ಮಗು ಕೂತಿತು, ನಮ್ಮದು ಕೂರಲಿಲ್ಲ ಅಂತ ದಿನಾ ಅಳೆಯಬೇಡ, ಒಂದೆರಡು ತಿಂಗಳು ಹಿಂದೆಮುಂದೆ ಆಗುತ್ತದೆ. ಆದರೆ ಮೂರು ತಿಂಗಳಿಗೂ ನಿನ್ನ ಮುಖ ನೋಡಿ ನಗದಿದ್ದರೆ, ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಬೆರಳು ತೋರಿಸಿ ಕೇಳದಿದ್ದರೆ, ಎರಡು ವರ್ಷಕ್ಕೆ ಎರಡು ಮಾತು ಜೋಡಿಸದಿದ್ದರೆ ಹೋಗಿ ತೋರಿಸು. ಬರುತ್ತಿದ್ದ ಮಾತು, ನಗು, ಆಟ ನಿಂತುಹೋದರೆ ಯಾವ ವಯಸ್ಸಾದರೂ ಸರಿ, ಆ ವಾರವೇ ಹೋಗು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, ಸರ್ಕಾರದ ಕಡೆಯಿಂದಲೇ ಮಕ್ಕಳನ್ನು ತಪಾಸಣೆ ಮಾಡಿ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತಾರೆ. ನನ್ನ ಕಾಲದಲ್ಲಿ ಅದೂ ಇರಲಿಲ್ಲ.

ಸೋಮವಾರ ನೀವಿಬ್ಬರೂ ಮಗುವನ್ನು ಕರೆದುಕೊಂಡು ಮೈಸೂರಿಗೆ ಬನ್ನಿ. ನಾನು ಹುಣಸೂರಿನಿಂದ ಮೊದಲ ಬಸ್ಸಿಗೆ ಬಂದು ಅದೇ ಸ್ಪೀಚ್ ಅಂಡ್ ಹಿಯರಿಂಗ್ ಗೇಟಿನ ಹತ್ತಿರ ಇರುತ್ತೇನೆ. ಬೇರಾ ಟೆಸ್ಟ್‌ಗೆ ಮಗು ಗಾಢವಾಗಿ ಮಲಗಿರಬೇಕು. ತಲೆಗೆ ವೈರ್ ಅಂಟಿಸಿ, ಕಿವಿಗೆ ಶಬ್ದ ಕೊಟ್ಟು ನೋಡುತ್ತಾರೆ, ನೋವಾಗುವುದಿಲ್ಲ. ಅದಕ್ಕೆ ಕಾರಿನಲ್ಲಿ ಅವಳನ್ನು ಆದಷ್ಟು ಎಚ್ಚರವಾಗಿಟ್ಟಿರು, ಮಂಡ್ಯ ದಾಟಿದ ಮೇಲಂತೂ ಮಲಗಲು ಬಿಡಬೇಡ. ತಲೆಗೆ ಎಣ್ಣೆ ಹಚ್ಚಬೇಡ, ವೈರ್ ಅಂಟುವುದಿಲ್ಲ. ಹಾಲನ್ನು ಅಲ್ಲಿಗೆ ಬಂದ ಮೇಲೆ ಕೊಡು. ನಿನ್ನ ಹಳೇ ಹತ್ತಿ ಸೀರೆ, ಅವಳು ಇಲ್ಲಿ ಮಲಗುತ್ತಿದ್ದದ್ದು, ನಾನು ತರುತ್ತೇನೆ.

ನಿನ್ನ
ಅಮ್ಮ