ಖಳನಾಯಕನಿಗೆ ಮನೆ ಕೊಟ್ಟವರಿಗೆ

ನನ್ನ ಕಾದಂಬರಿ ಸರಣಿಯ ಕೊನೆಯ ಭಾಗ ಅಚ್ಚಾಗಿ ಕೈಗೆ ಬಂದಿದೆ. ನೆಲದಡಿಯಲ್ಲಿ ನೀರು ಹರಿಸುವ ಬೀದರಿನ ಸುರಂಗ ಬಾವಿಯನ್ನು ಮುಚ್ಚಿಹಾಕಿ ಊರನ್ನೇ ತನ್ನ ಕಾಲಿಗೆ ಬೀಳಿಸಿಕೊಳ್ಳಲು ಹೊರಟಿದ್ದ ಹುಚ್ಚು ವಿಜ್ಞಾನಿ ಕೊನೆಗೂ ಮನುಷ್ಯನಾಗಿದ್ದಾನೆ. ಈ ಪುಣ್ಯ ನನ್ನದೇ ಎಂದು ಯಾರಾದರೂ ಹೊಗಳಿದರೆ ಸುಮ್ಮನೆ ಕೇಳಿಸಿಕೊಳ್ಳುವಷ್ಟು ಆಸೆ ನನಗೂ ಇದೆ. ಆದರೆ ಅವನನ್ನು ದಾರಿಗೆ ತಂದವರು ಬೇರೆಯೇ ಇದ್ದಾರೆ.

ಮೊದಲ ಋಣ ಬೀದರಿನ ಚೌಬಾರ ಗೋಪುರದ ಹತ್ತಿರ ಬಿದ್ರಿ ಕೆಲಸ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕುಸುರಿ, ಮಾಡುವ ಚಾಚಾ ಅವರದು. ಕೋಟೆಯ ಮಣ್ಣನ್ನು ಚಿಟಿಕೆಯಷ್ಟು ನಾಲಿಗೆಯ ತುದಿಗಿಟ್ಟು, ಕಣ್ಣು ಮುಚ್ಚಿ, ಉಗುಳಿ, ‘ಇದು ಬರುವುದಿಲ್ಲ’ ಎಂದು ಬದಿಗೆ ಸರಿಸಿದರು. ಇನ್ನೊಂದು ಪೊಟ್ಟಣ ಬಿಚ್ಚಿ ಮತ್ತೆ ರುಚಿ ನೋಡಿದರು. ಈ ಸಲ ತಲೆಯಾಡಿಸಿದರು. ಬಿಸಿಲು ಮಳೆ ಕಾಣದ ಆ ಮಣ್ಣನ್ನು ನವಸಾಗರವೆಂಬ ಉಪ್ಪಿನೊಂದಿಗೆ ನೀರಿಗೆ ಹಾಕಿ ಕುದಿಸಿ ಹಚ್ಚಿದರೆ, ಸತು ತಾಮ್ರದ ಹೂಜಿಯ ಮೈ ಕಡುಗಪ್ಪಾಗುತ್ತದೆ. ಕೂರಿಸಿದ ಬೆಳ್ಳಿ ಎಳೆಗೆ ಮಾತ್ರ ಏನೂ ಆಗುವುದಿಲ್ಲ. ರಸಾಯನಶಾಸ್ತ್ರವೆಲ್ಲ ತನ್ನ ಕಿಸೆಯಲ್ಲಿದೆ ಎಂದು ಬೀಗುತ್ತಿದ್ದ ನನ್ನ ವಿಜ್ಞಾನಿ, ಬಿದ್ರಿ ಕೆಲಸದ ತನ್ನ ಮಾವನ ನಾಲಿಗೆಯ ಮುಂದೆ ಸೋಲುವ ಅಧ್ಯಾಯ ಹುಟ್ಟಿದ್ದು ಆ ಅಂಗಡಿಯ ಚಾಪೆಯ ಮೇಲೆ. ಚಾಚಾ, ಚಹಾದ ದುಡ್ಡನ್ನೂ ನೀವು ತೆಗೆದುಕೊಳ್ಳಲಿಲ್ಲ.

ಬೀದರಿನ ಪಕ್ಕದ ನೌಬಾದಿನಲ್ಲಿ ಸುರಂಗ ಬಾವಿಯ ಜಾಡು ತೋರಿಸಿದ ಹುಡುಗರಿಗೂ ವಂದನೆ. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ ತೋಡಿದ ಆ ಕಾಲುವೆಯಲ್ಲಿ ನೀರು ಯಾವ ಯಂತ್ರದ ಹಂಗೂ ಇಲ್ಲದೆ ನೆಲದಡಿಯ ಇಳಿಜಾರಿನಲ್ಲೇ ಹರಿಯುವಂತೆ ಮಾಡಿದ್ದಾರೆ. ಗಾಳಿ ಬೆಳಕಿಗೆಂದು ಅಲ್ಲಲ್ಲಿ ಮೇಲಿನಿಂದ ಬಾವಿಗಳು. ‘ಸಾರ್, ಇದನ್ನು ಕೆಡಿಸಲು ನಿಮ್ಮ ವಿಜ್ಞಾನಿಗೆ ಕಿರಣ ಬಿಡುವ ಯಂತ್ರ ಯಾಕೆ? ಹೂಳು ತುಂಬಿದರೆ ಸಾಕಲ್ಲ’ ಎಂದವನು ಅವರಲ್ಲೇ ಕಿರಿಯ. ಖಳನಾಯಕನ ಸಂಚು ಅಲ್ಲಿಂದ ಅಗ್ಗವಾಯಿತು, ಭಯಂಕರವೂ ಆಯಿತು.

ದೊಡ್ಡ ಋಣ ಹುಮನಾಬಾದಿನ ಅಕ್ಕನದು. ಹಸ್ತಪ್ರತಿಯಲ್ಲಿ ವಿಜ್ಞಾನಿ ಮನೆ ಬಾಗಿಲಲ್ಲಿ ನಿಂತು ಗಳಗಳನೆ ಅಳುವ ಪುಟದ ಅಂಚಿಗೆ ಅವರು ಪೆನ್ಸಿಲಿನಲ್ಲಿ ಬರೆದಿದ್ದರು: ‘ಅತ್ತದ್ದು ಸಾಕು. ಹೆಂಡತಿ ಇಷ್ಟು ವರ್ಷ ಹೊತ್ತ ನೀರನ್ನು ಒಂದು ಬೇಸಿಗೆ ಇವನೂ ಹೊರಲಿ.’ ಹಾಗಾಗಿ ಅವನು ಹೊತ್ತ. ಹೆಂಡತಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು, ಮಾತಾಡಲಿಲ್ಲ. ಮಗಳು ಅಪ್ಪ ಎನ್ನುವುದಕ್ಕೆ ಇನ್ನೂರು ಪುಟ ತೆಗೆದುಕೊಂಡಳು. ಮಗನಂತೂ ಬೀಗದ ಕೈಯನ್ನು ಇಂದಿಗೂ ಅವನ ಕೈಗೆ ಕೊಟ್ಟಿಲ್ಲ. ಕೊಡಬೇಕಾಗಿಯೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಟ್ಟವನು ಒಳ್ಳೆಯವನಾದ ಕೂಡಲೇ ಮನೆಯವರೆಲ್ಲ ಆರತಿ ಎತ್ತಬೇಕು ಎಂಬ ಕಥೆಗಳು ನನಗೆ ಮೊದಲಿನಿಂದಲೂ ಸೇರುವುದಿಲ್ಲ.

ಅಕ್ಷರ ಜೋಡಿಸಿದವರಿಗೆ, ಕರಡು ತಿದ್ದಿದ ಗೆಳೆಯರಿಗೆ, ಬರೆಯುವಾಗ ನನ್ನ ಸಿಡುಕನ್ನು ಸಹಿಸಿದ ಮನೆಯವರಿಗೆ ಕೈಮುಗಿಯುತ್ತೇನೆ.

ವಿಜ್ಞಾನಿ ಮತ್ತೆ ಕೆಡುತ್ತಾನೆಯೇ, ಇನ್ನೊಂದು ಭಾಗ ಬರುತ್ತದೆಯೇ ಎಂದು ಹಲವರು ಕೇಳುತ್ತಿದ್ದೀರಿ. ನಾನು ಬರೆಯುವುದಿಲ್ಲ. ಅವನೇನಾದರೂ ಬಾಲ ಬಿಚ್ಚಿದರೆ ಅವನ ಹೆಂಡತಿ ನೋಡಿಕೊಳ್ಳುತ್ತಾಳೆ.