ಟೆಕ್ನೊ ತತ್ವಪದ: ಕೇಳಿದ್ದು ಯಾವುದರಲ್ಲಿ?

ಮಾನ್ಯ ಸಂಪಾದಕರೇ,

ನಮ್ಮ ಭಾಗದ ಹುಡುಗರು ತತ್ವಪದ, ಮೊಹರಂ ಹಲಗೆ, ಯಂತ್ರಗಳಿಂದ ಕಟ್ಟುವ ಕುಣಿತದ ಸಂಗೀತವಾದ ಟೆಕ್ನೊ ಮೂರನ್ನೂ ಬೆರೆಸಿ ತಂದಿರುವ ಚೊಚ್ಚಲ ಆಲ್ಬಂ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಕೇಳುಗರ ಅಭಿಪ್ರಾಯಗಳನ್ನು ಓದಿದೆವು. ಕೆಲವರು ‘ಪದ ಕೆಡಿಸ್ಯಾರ’ ಎಂದಿದ್ದಾರೆ, ಕೆಲವರು ‘ಬೆಂಕಿ’ ಎಂದಿದ್ದಾರೆ. ಎಲ್ಲಿ ಕೂಡಿದೆ, ಎಲ್ಲಿ ಕೆಟ್ಟಿದೆ ಎಂದು ಯಾರೂ ಬೆರಳಿಟ್ಟು ತೋರಿಸಿಲ್ಲ. ಇಂಥ ಕೆಲಸಕ್ಕೆ ಹೊಗಳಿಕೆ, ತೆಗಳಿಕೆಗಿಂತ ಅದು ಬೇಕು.

ಮೊದಲು, ಕೇಳಿದ್ದು ಯಾವುದರಲ್ಲಿ? ‘ಬರೀ ಟಕ್ ಟಕ್ ಅಂತದ, ದಮ್ಮಿಲ್ಲ’ ಎಂದವರು ಬಹುಶಃ ಫೋನಿನ ಸ್ಪೀಕರಿನಲ್ಲೇ ಕೇಳಿದ್ದಾರೆ. ಟೆಕ್ನೊದಲ್ಲಿ ಒಂದೇ ಸಮನೆ ಬೀಳುವ ದಪ್ಪ ಪೆಟ್ಟು ಕಿಕ್ ಡ್ರಮ್ಮಿನದು. ಅದರ ಬುಡದ ನಾದ 45ರಿಂದ 60 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಸುತ್ತ ಇರುತ್ತದೆ. ಫೋನಿನ ಸ್ಪೀಕರಿಗೆ 200 ಹರ್ಟ್ಸ್ ಕೆಳಗಿನ ನಾದ ಹೊರಡಿಸುವ ಶಕ್ತಿಯೇ ಇಲ್ಲ. ಕೇಳುವುದು ಕಿಕ್ಕಿನ ತುದಿ ಮಾತ್ರ, ಅದೇ ಆ ಟಕ್ ಟಕ್. ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಹಾಕಿ. ಸಡಿಲ ಕೂತರೂ ಬೇಸ್ ಸೋರಿಹೋಗುತ್ತದೆ. ಆ್ಯಪಿನಲ್ಲಿ ಡೇಟಾ ಉಳಿಸುವ ಆಯ್ಕೆ ಇದ್ದರೆ ತೆಗೆಯಿರಿ, ಇಲ್ಲವಾದರೆ ತಾಳದ ಝಣಝಣ ನೀರು ಸುರಿದಂತೆ ಕೇಳುತ್ತದೆ. ಬೇಸ್ ಬೂಸ್ಟ್, ಷಫಲ್ ಎರಡೂ ಬಂದ್ ಇರಲಿ. ಈ ಆಲ್ಬಂನಲ್ಲಿ ಒಂದು ಟ್ರ್ಯಾಕಿನ ಬಾಲ ಇನ್ನೊಂದರ ತಲೆಗೆ ಸೇರಿದೆ. ಹಿಂದುಮುಂದು ಮಾಡಿದರೆ ಆ ಜೋಡಣೆ ಕಡಿದುಹೋಗುತ್ತದೆ.

ಇನ್ನು ‘ಇದು ಟೆಕ್ನೊನೂ ಅಲ್ಲ, ಪದಾನೂ ಅಲ್ಲ, ಬೆರಕೆ’ ಎಂಬ ಮಾತು. ಟೆಕ್ನೊ ಹುಟ್ಟಿದ್ದೇ ಬೆರಕೆಯಾಗಿ. ಅಮೆರಿಕದ ಡೆಟ್ರಾಯಿಟ್ ಪಕ್ಕದ ಬೆಲ್‌ವಿಲ್‌ನ ಮೂವರು ಕಪ್ಪು ಗೆಳೆಯರು, ಹುವಾನ್ ಆಟ್ಕಿನ್ಸ್, ಡೆರಿಕ್ ಮೇ ಮತ್ತು ಕೆವಿನ್ ಸಾಂಡರ್‌ಸನ್, ಜರ್ಮನಿಯ ಯಂತ್ರ ಸಂಗೀತಕ್ಕೆ ತಮ್ಮ ಫಂಕ್ ಕೂಡಿಸಿ ಕಟ್ಟಿದ್ದು ಅದು. ನಮ್ಮ ದೇಶದಲ್ಲೂ 1982ರಲ್ಲೇ, ಮುಂಬೈಯ ಸಿನಿಮಾ ವಾದ್ಯಗಾರ ಚರಣಜಿತ್ ಸಿಂಗ್ ರೋಲಂಡ್ ಕಂಪನಿಯ 808 ತಾಳಯಂತ್ರ, 303 ಬೇಸ್ ಯಂತ್ರಗಳ ಜೊತೆ ಹತ್ತು ರಾಗ ನುಡಿಸಿ ರೆಕಾರ್ಡ್ ತಂದರು. ಆಗ ಕೇಳಿದವರು ಕಡಿಮೆ. 2010ರಲ್ಲಿ ಮರುಬಿಡುಗಡೆಯಾದ ಮೇಲೆ ಜಗತ್ತೇ ಕಿವಿಗೊಟ್ಟಿತು. ಅದು ಕೂಡಿದ್ದಕ್ಕೆ ಕಾರಣವಿದೆ: ರಾಗಕ್ಕೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾವಣೆ ಬೇಡ, ಒಂದೇ ಷಡ್ಜದ ಮೇಲೆ ನಿಲ್ಲುತ್ತದೆ. ಟೆಕ್ನೊವೂ ಒಂದೇ ಶ್ರುತಿಯ ಮೇಲೆ ನಿಮಿಷಗಟ್ಟಲೆ ನಿಲ್ಲಬಲ್ಲದು. ಏಕತಾರಿಯೂ ಅಷ್ಟೇ. ಸಿನಿಮಾ ಹಾಡಿಗಿಂತ ತತ್ವಪದವೇ ಟೆಕ್ನೊಗೆ ಹತ್ತಿರ ಎಂಬುದು ನಮ್ಮ ಖಚಿತ ಅಭಿಪ್ರಾಯ. ತತ್ವಪದಕಾರರಾದ ಕಡಕೋಳ ಮಡಿವಾಳಪ್ಪ, ಚನ್ನೂರು ಜಲಾಲ ಸಾಹೇಬರ ನಾಡಿನಲ್ಲಿ ಬೆರಕೆ ಎಂಬುದು ಬೈಗುಳವೂ ಆಗಬಾರದು.

ಆದರೆ ಬೆರೆಸುವ ಕೈ ಎಲ್ಲೆಡೆ ಒಂದೇ ಹದದಲ್ಲಿಲ್ಲ.

ಮೂರನೆಯ ಟ್ರ್ಯಾಕ್ ಬಗ್ಗೆ ಒಬ್ಬರು ‘ಹಲಗೆ ತಾಳ ತಪ್ಪ್ಯಾದ’ ಎಂದು ಬರೆದಿದ್ದರು. ತಪ್ಪಿಲ್ಲ. ಅಲ್ಲಿ ಕಿಕ್ ನಾಲ್ಕರ ಎಣಿಕೆಯಲ್ಲಿ, ಹಲಗೆ ಏಳರ ಎಣಿಕೆಯಲ್ಲಿ ನಡೆಯುತ್ತದೆ. ಎರಡೂ 28 ಪೆಟ್ಟಿಗೊಮ್ಮೆ ಸಮಕ್ಕೆ ಬಂದು ಕೂಡುತ್ತವೆ. ನಿಮಿಷಕ್ಕೆ 128 ಪೆಟ್ಟಿನ ಓಟದಲ್ಲಿ ಅದು ಸುಮಾರು 13 ಸೆಕೆಂಡಿಗೊಮ್ಮೆ. ಕೈಯಲ್ಲಿ ಏಳು ಎಣಿಸುತ್ತ, ಕಾಲಲ್ಲಿ ನಾಲ್ಕು ಹಾಕುತ್ತ ಕೇಳಿ, ಕೂಡುವ ಜಾಗದಲ್ಲಿ ಮೈ ಝುಮ್ಮೆನ್ನುತ್ತದೆ. ಇಡೀ ಆಲ್ಬಂನಲ್ಲಿ ಇದೇ ಶ್ರೇಷ್ಠ.

ಐದನೆಯದರಲ್ಲಿ ಮಾತ್ರ ‘ಪದ ಕೆಡಿಸ್ಯಾರ’ ಎಂದವರ ಪರ ನಾವಿದ್ದೇವೆ. ನಿಮಿಷಕ್ಕೆ 96ರ ನಡೆಯಲ್ಲಿ ಹಾಡಿದ್ದನ್ನು ಸಾಫ್ಟ್‌ವೇರ್‌ನಲ್ಲಿ ಹಿಂಡಿ 128ಕ್ಕೆ ಏರಿಸಿದಂತಿದೆ. ನಾಲ್ಕು ನಿಮಿಷದ ಹಾಡು ಮೂರು ನಿಮಿಷವಾಗುತ್ತದೆ, ಉಸಿರು ತೆಗೆದುಕೊಳ್ಳುವ ಜಾಗ ಮಾಯವಾಗುತ್ತದೆ. ಮೇಲಾಗಿ ಧ್ವನಿಯನ್ನು ತುಂಡು ಮಾಡಿ ಪ್ರತಿ ತುಂಡನ್ನೂ ಯಂತ್ರದ ಗೆರೆಗೆ ಕೂರಿಸಿದ್ದಾರೆ. ಕನ್ನಡದಲ್ಲಿ ಒತ್ತಕ್ಷರದ ಮೇಲೆ ನಾಲಿಗೆ ನಿಲ್ಲದಿದ್ದರೆ ‘ಹಳ್ಳಿ’ ‘ಹಳಿ’ಯಾಗುತ್ತದೆ. ಪದದ ಅರ್ಥ ಹೋಗಿದ್ದು ಕಿಕ್ಕಿನ ಗದ್ದಲದಿಂದಲ್ಲ, ಈ ಕತ್ತರಿಯಿಂದ.

ಹಿಂಡುವ ಅಗತ್ಯವೇ ಇರಲಿಲ್ಲ. 96ರ ಮೂರು ಪೆಟ್ಟು ಮತ್ತು 128ರ ನಾಲ್ಕು ಪೆಟ್ಟು ಹಿಡಿಯುವ ಕಾಲ ಒಂದೇ: 1.875 ಸೆಕೆಂಡು. ಹಾಡಿದವರನ್ನು ಅವರ ನಡೆಗೇ ಬಿಟ್ಟು ಕಿಕ್ಕನ್ನು ಅದರ ನಡೆಗೆ ಬಿಟ್ಟಿದ್ದರೆ ಮೂರರ ತಿಶ್ರವೂ ನಾಲ್ಕರ ಚತುರಶ್ರವೂ ತಾವಾಗಿಯೇ ಕೈಹಿಡಿದು ನಡೆಯುತ್ತಿದ್ದವು. ದಮ್ಮಡಿ, ತಾಳ ಹಿಡಿದು ರಾತ್ರಿಯಿಡೀ ಭಜನೆ ಮಾಡುವವರಿಗೆ ಈ ಲೆಕ್ಕ ಹೊಸದಲ್ಲ.

ಅದೇ ಟ್ರ್ಯಾಕಿನ ಇನ್ನೊಂದು ಕೊರತೆ ನುಡಿಗಳ (ಚರಣಗಳ) ಅಳತೆಯದು. ಟೆಕ್ನೊದಲ್ಲಿ ನಾಲ್ಕು ಪೆಟ್ಟಿನ 16 ಆವರ್ತಕ್ಕೊಮ್ಮೆ ಏನಾದರೂ ಬದಲಾಗುವುದು ರೂಢಿ. 128ರ ಓಟದಲ್ಲಿ ಅದು ಸರಿಯಾಗಿ 30 ಸೆಕೆಂಡು. ನುಡಿಯೊಂದು 22 ಸೆಕೆಂಡಿಗೆ ಮುಗಿದರೆ ಉಳಿದ ಎಂಟನ್ನು ಪಲ್ಲವಿಯ ಚೂರು ತುರುಕಿ ತುಂಬಿದ್ದಾರೆ. ಆ ಎಂಟು ಸೆಕೆಂಡು ಏಕತಾರಿಗೆ ಬಿಟ್ಟಿದ್ದರೆ ಸಾಕಿತ್ತು. ಅದಕ್ಕಿಂತ ನೋವಿನ ಸಂಗತಿ, ಅಂಕಿತದ ನುಡಿಯನ್ನೇ ಕೈಬಿಟ್ಟಿರುವುದು. ಅಂಕಿತವಿಲ್ಲದ ತತ್ವಪದ ಗುರುವಿನ ಹೆಸರು ಅಳಿಸಿದ ಕಾಗದ.

ಶ್ರುತಿಯ ಮಾತು. ಹಾಡುಗಾರರ ಸ್ವರ ಎಲ್ಲ ಸಲವೂ ಹಾರ್ಮೋನಿಯಂ ಮನೆಯ ಮೇಲೇ ಇರುವುದಿಲ್ಲ, ಎರಡು ಮನೆಗಳ ನಡುವೆಯೂ ಇರುತ್ತದೆ. ಆಗ ಸಿಂಥನ್ನು (ವಿದ್ಯುತ್ ಕೀಬೋರ್ಡ್ ವಾದ್ಯ) ಅವರ ಕೊರಳಿಗೆ ಹೊಂದಿಸಬೇಕು, ಕೊರಳನ್ನು ಸಿಂಥಿಗೆ ಎಳೆಯಬಾರದು. ಸಿಂಥಿನ ಫೈನ್ ಟ್ಯೂನ್ ಗುಂಡಿ ಇರುವುದೇ ಅದಕ್ಕೆ. ಕಿಕ್ಕಿಗೂ ಸ್ವರವಿದೆ: ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಕರಿ ಒಂದರ ಷಡ್ಜಕ್ಕೆ ಅದರ ಪಂಚಮ ಕೆಳಸ್ಥಾಯಿಯಲ್ಲಿ ಸುಮಾರು 52 ಹರ್ಟ್ಸ್‌ಗೆ ಬರುತ್ತದೆ. ಎರಡನೆಯ ಟ್ರ್ಯಾಕಿನಲ್ಲಿ ಅದು ಸೊಗಸಾಗಿ ಕೂತಿದೆ. ಆರನೆಯದರಲ್ಲಿ ಕಿಕ್ ಬಿದ್ದಾಗಲೆಲ್ಲ ಬೇಸಿನ ಜೊತೆ ಏಕತಾರಿಯೂ ತಗ್ಗುವಂತೆ ಸೈಡ್‌ಚೈನ್ ಕಟ್ಟಿದ್ದಾರೆ. ಬೇಸ್ ತಗ್ಗಲಿ, ಎರಡೂ ಒಂದೇ ಜಾಗಕ್ಕೆ ಗುದ್ದಾಡುತ್ತವೆ. ಶ್ರುತಿ ಮಾತ್ರ ತುಂಡಾಗಬಾರದು.

ಹಲಗೆಯ ನಾದ ಕೆಲವೆಡೆ ಮಂಕಾಗಿದೆ ಎಂಬ ದೂರು ನಿಜ. ಬೆಂಕಿಗೆ ಕಾಯಿಸಿದ ಚರ್ಮ ಆರುತ್ತ ಹೋದಂತೆ ಸಡಿಲವಾಗಿ ಸ್ವರ ಇಳಿಯುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಮೊದಲ ಟೇಕಿನ ತುಂಡು, ಕೊನೆಯ ಟೇಕಿನ ತುಂಡು ಜೋಡಿಸಿದರೆ ಎರಡು ಬೇರೆ ಹಲಗೆಗಳಂತೆ ಕೇಳುತ್ತದೆ. ಪ್ರತಿ ಟೇಕಿಗೂ ಮೊದಲು ಕಾಯಿಸಿ, ಮೈಕನ್ನು ಮೂರ್ನಾಲ್ಕು ಅಡಿ ದೂರವಿಟ್ಟು, ಪೆಟ್ಟಿನ ತುದಿ ಮೀಟರಿನ ಕೆಂಪು ಗೆರೆಗಿಂತ 12 ಡೆಸಿಬೆಲ್ ಕೆಳಗಿರುವಂತೆ ಮಟ್ಟ ಹಿಡಿಯಬೇಕು. ಹಲಗೆ ಮುಂದೆ ಬರುವ ಜಾಗದಲ್ಲಿ ಕಿಕ್ಕನ್ನು ಎಂಟು ಆವರ್ತ ಪೂರ್ತಿ ತೆಗೆದುಬಿಟ್ಟರೂ ನಷ್ಟವಿಲ್ಲ.

‘ಮೆರವಣಿಗೆಯ ಡಿಜೆಯಲ್ಲಿ ಹಾಕಿದರೆ ಬೇಸೇ ಬರಲಿಲ್ಲ’ ಎಂದವರಿಗೂ ಉತ್ತರವಿದೆ. ಅಲ್ಲಿ ಎಡ, ಬಲ ಎರಡನ್ನೂ ಕೂಡಿಸಿ ಒಂದೇ ಮಾಡಿ ಬಿಡುವುದು ಸಾಮಾನ್ಯ. ಬೇಸನ್ನು ಅಗಲ ಮಾಡಿ ಎರಡು ಬದಿಗೆ ಹರಡಿದ್ದರೆ ಕೂಡಿಸಿದಾಗ ಒಂದನ್ನೊಂದು ಅಳಿಸಬಹುದು. 120 ಹರ್ಟ್ಸ್ ಕೆಳಗಿನದೆಲ್ಲ ನಟ್ಟನಡುವೆ ಇರಲಿ. ಜೋರು ಮಾಡಿ ಹಿಂಡುವ ಆಸೆಯೂ ಬೇಡ: ಸ್ಪಾಟಿಫೈ ತಾನಾಗಿಯೇ ಎಲ್ಲವನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟದ ಸುತ್ತ ತರುತ್ತದೆ. ಜೋರು ಹೋಗಿ ಹಿಂಡಿದ ಗಾಯವಷ್ಟೇ ಉಳಿಯುತ್ತದೆ.

ಕೊನೆಯದಾಗಿ, ಇದುವರೆಗೆ ಯಾವ ಕೇಳುಗರೂ ಕೇಳದ ಪ್ರಶ್ನೆ: ಹಾಡಿದವರು ಯಾರು? ಹಲಗೆ ಬಡಿದವರು ಯಾರು? ಸಿಂಥ್ ನುಡಿಸಿದವರ ಹೆಸರಿದೆ, ಮಿಕ್ಸ್ ಮಾಡಿದವರ ಹೆಸರಿದೆ, ಇವರದಿಲ್ಲ. ಹಳೆಯ ಪದಗಳಿಗೆ ಕೃತಿಸ್ವಾಮ್ಯ ಉಳಿದಿಲ್ಲವಾದರೂ ಹಾಡಿದ ಕೊರಳಿಗೆ ಕಾನೂನಿನಲ್ಲಿ ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. 2012ರ ತಿದ್ದುಪಡಿಯ ಮೇಲೆ ಪ್ರದರ್ಶಕರೆಂದು ಹೆಸರಿಸಿಕೊಳ್ಳುವ ಹಕ್ಕೂ ಸೇರಿದೆ. ಆನ್‌ಲೈನ್ ಬಿಡುಗಡೆಯಲ್ಲಿ ಹೆಸರು ಸೇರಿಸುವುದು ಒಂದು ಸಂಜೆಯ ಕೆಲಸ. ಐದನೆಯ ಟ್ರ್ಯಾಕಿಗೆ ಅಂಕಿತದ ನುಡಿ ಸೇರಿಸಿ ಮತ್ತೆ ಏರಿಸುವಾಗಲೇ ಅದನ್ನೂ ಮಾಡಲಿ.

– ಧ್ವನಿಮುದ್ರಣ ಕೆಲಸಗಾರರು ಮತ್ತು ಭಜನಾ ಮೇಳದ ಕಲಾವಿದರು, ಕಲಬುರಗಿ