ಹಸಿ ಕಾಂಕ್ರೀಟಿಗೆ ಹಬ್ಬದ ಪೈಂಟ್ ಬೇಡ

ಮಾನ್ಯ ಸಂಪಾದಕರೇ,

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಕರಾವಳಿಯಲ್ಲಿ ಮೆಟ್ಟಿಲು, ಅಂಗಳ, ಪಾಗಾರ ಎಲ್ಲದಕ್ಕೂ ಪೈಂಟ್ ಬೀಳುತ್ತದೆ. ಮೇ ಕೊನೆಯ ಪತ್ತನಾಜೆ ಬರುವ ಮೊದಲೇ ಅದು ಹಪ್ಪಳದಂತೆ ಏಳುತ್ತದೆ. ಬೈಗುಳ ಪೈಂಟಿಗೆ. ಹೆಚ್ಚಿನ ಕಡೆ ತಪ್ಪು ಡಬ್ಬದಲ್ಲಿಲ್ಲ, ನೆಲದೊಳಗೆ ಕೂತ ನೀರಿನಲ್ಲಿದೆ.

ಜೂನ್‌ನಿಂದ ನಾಲ್ಕು ತಿಂಗಳು ಮಳೆ ಕುಡಿದ ಕಾಂಕ್ರೀಟ್ ಮೇಲ್ನೋಟಕ್ಕೆ ಬೆಳ್ಳಗೆ ಒಣಗಿದ್ದರೂ ಒಳಗೆ ಹಸಿ. ಬಿಸಿಲಿಗೆ ಆ ನೀರು ಆವಿಯಾಗಿ ಮೇಲೆ ಬರುವಾಗ ಪೈಂಟನ್ನೇ ಎತ್ತುತ್ತದೆ. ಎದ್ದ ಹಕ್ಕಳೆಯ ಅಡಿಯಲ್ಲಿ ಕಾಣುವ ಬಿಳಿ ಹುಡಿ ಆ ನೀರು ಬಿಟ್ಟುಹೋದ ಉಪ್ಪು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ಬಿಚ್ಚುವಾಗ ಒಳಮೈಯಲ್ಲಿ ಹನಿ ಕೂತಿದ್ದರೆ, ನೆಲ ಕಪ್ಪಿಟ್ಟಿದ್ದರೆ ಇನ್ನೂ ಕಾಯಬೇಕು. ಇಲ್ಲಿಯ ಹವೆಗೆ ಡಿಸೆಂಬರ್ ನಡುವಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ, ಅದೂ ಬೆಳಗಿನ ಇಬ್ಬನಿ ಆರಿದ ಮೇಲೆ. ಮೇ ತಿಂಗಳಲ್ಲಿ ಕಾಲಿಡಲಾಗದಷ್ಟು ಕಾದ ನೆಲಕ್ಕೆ ಹಚ್ಚಿದರೆ ಮೇಲ್ಪದರ ಮೊದಲೇ ಒಣಗಿ ಗುಳ್ಳೆ ಬರುತ್ತದೆ.

ಹಾವಸೆಯನ್ನು ಬರೇ ಕೆರೆದರೆ ಸಾಲದು, ಸಾಯಿಸಬೇಕು. 10 ಲೀಟರ್ ನೀರಿಗೆ 300 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ, ತಿಳಿಯನ್ನು ಹೊಯ್ದು, ಕಾಲು ಗಂಟೆ ಬಿಟ್ಟು ಗಟ್ಟಿ ಬ್ರಷ್‌ನಲ್ಲಿ ಉಜ್ಜಿ, ಎರಡು ಮೂರು ಸಲ ತೊಳೆಯಿರಿ. ಆ ನೀರು ಬಾವಿಗೆ ಇಳಿಯಬಾರದು. ನೆಲ ತರಿಯಾಗಲೆಂದು ಇದರ ಮೇಲೆ ಆ್ಯಸಿಡ್ ಹೊಯ್ಯುವವರಿದ್ದಾರೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರು ಕಟ್ಟುತ್ತದೆ. ಸವೆದ ಕಾಂಕ್ರೀಟ್ ಹೇಗೂ ತರಿತರಿಯಾಗಿರುತ್ತದೆ, ಆ್ಯಸಿಡ್ ಅದಕ್ಕೆ ಬೇಕಾಗಿಯೂ ಇಲ್ಲ. ಒಣಗಿದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ: ನೆಲ ಹೀರಿಕೊಂಡರೆ ಪೈಂಟೂ ಹಿಡಿಯುತ್ತದೆ, ಮಣಿಯಂತೆ ಹಾಗೇ ನಿಂತರೆ ಎಣ್ಣೆಯೋ ನೀರು ಇಳಿಯದಂತೆ ಹಿಂದೆ ಬಳಿದ ಸೀಲರೋ ಉಳಿದಿದೆ.

ಬಿರುಕನ್ನು ಉಳಿಯಿಂದ ತುಸು ಅಗಲಿಸಿ, ಧೂಳು ತೆಗೆದು, 1:3 ಸಿಮೆಂಟ್ ಗಾರೆಗೆ (ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳು) ಎಸ್‌ಬಿಆರ್ ದ್ರಾವಣ, ಅಂದರೆ ಗಾರೆಯ ಹಿಡಿತ ಹೆಚ್ಚಿಸುವ ರಬ್ಬರ್ ಹಾಲು, ಸೇರಿಸಿ ತುಂಬಬೇಕು. ಕಡಲ ಹೊಯಿಗೆ (ಮರಳು) ಬೇಡ, ಅದರ ಉಪ್ಪು ಮತ್ತೆ ಪಸೆ ಎಳೆಯುತ್ತದೆ. ಹೊಸ ತೇಪೆಗೆ 28 ದಿನ ಬಿಟ್ಟು ಪೈಂಟ್. ನೆಲಕ್ಕೆ ಗೋಡೆಯ ಪುಟ್ಟಿ ಹಚ್ಚುವುದು ದುಡ್ಡು ದಂಡ. ಆಯಿಲ್ ಪೈಂಟ್ ಇನ್ನೂ ಕೆಟ್ಟದು: ಸಿಮೆಂಟಿನ ಕ್ಷಾರ ಅದರ ಎಣ್ಣೆಯನ್ನು ಸಾಬೂನಾಗಿಸಿ ಅಂಟಂಟಾಗಿ ಕೀಳುತ್ತದೆ. ಎರಡು ದ್ರವ ಬೆರೆಸಿ ಹಚ್ಚುವ ಎಪಾಕ್ಸಿ ಪೈಂಟ್ ಗ್ಯಾರೇಜಿನೊಳಗೆ ಸರಿ. ಬಯಲಿನ ಬಿಸಿಲಿಗೆ ಹಳದಿಯಾಗಿ ಹುಡಿ ಬಿಡುತ್ತದೆ. ಹೊರಗಿನ ನೆಲಕ್ಕೆ ಅಕ್ರಿಲಿಕ್ ಫ್ಲೋರ್ ಪೈಂಟನ್ನು ತೆಳ್ಳಗೆ ಎರಡು ಕೋಟ್ ಕೊಡಿ. ಒಂದೇ ದಪ್ಪ ಕೋಟ್ ಆಗದು. ಮೆಟ್ಟಿಲಿಗಾದರೆ ಮೊದಲ ಕೋಟ್ ಹಸಿಯಿರುವಾಗಲೇ ಜರಡಿ ಹಿಡಿದ ಒಣ ನಯ ಹೊಯಿಗೆ ಉದುರಿಸಿ, ಮರುದಿನ ಸಡಿಲವಾದದ್ದನ್ನು ಗುಡಿಸಿ ಎರಡನೆಯದನ್ನು ಹಚ್ಚಿ. ಇಲ್ಲದಿದ್ದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಅಜ್ಜಿಯಂದಿರು ಜಾರುವುದು ಖಂಡಿತ. ಕಾರು ನಿಲ್ಲಿಸಲು ಒಂದು ವಾರ ತಡೆಯಿರಿ, ಬಿಸಿ ಟಯರು ಎಳೆ ಪೈಂಟನ್ನು ಕಿತ್ತುಕೊಂಡೇ ಹೋಗುತ್ತದೆ.

ಅಡಿಕೆ ಒಣಹಾಕುವ ಅಂಗಳಕ್ಕಂತೂ ಪೈಂಟೇ ಬೇಡ. ಹಲಗೆಯಲ್ಲಿ ಅಡಿಕೆ ಎಳೆಯುವಾಗ ಹಕ್ಕಳೆ ಅದರೊಳಗೆ ಸೇರುತ್ತದೆ. ಅಲ್ಲಿ ಬಿರುಕು ತುಂಬಿಸಿ, ಮಳೆಗಾಲಕ್ಕೆ ಮೊದಲಿನಂತೆ ತೆಂಗಿನ ಮಡಲು (ಗರಿ) ಹಾಸಿದರೆ ಸಾಕು.

– ಪೈಂಟಿಂಗ್ ಕೆಲಸದವ, ಕಟಪಾಡಿ, ಉಡುಪಿ